ಹಸಿರು ಡಬ್ಬಿಯ ಕೇಪು

ಹೊಳೆ ದಂಡೆಯ ಆ ಬಯಲಿನಲ್ಲಿ ಮಾತು ಕಡಿಮೆ. ಆಡಬೇಕಾದ್ದನ್ನೆಲ್ಲ ಬಂದೂಕು ಆಡುತ್ತಿತ್ತು.

ಬಯಲಿನ ಒಂದು ತುದಿಗೆ ತಗಡಿನ ಚಪ್ಪರ, ಇನ್ನೊಂದು ತುದಿಗೆ ಮಣ್ಣಿನ ದಿಬ್ಬ. ದಿಬ್ಬದ ಮುಂದೆ ಗುರಿಯ ಕಾಗದ, ಚಪ್ಪರದ ಕೆಳಗೆ ಸುಬೇದಾರ ರಾಚಪ್ಪನವರು. ಸೈನ್ಯದಲ್ಲಿ ಹುಡುಗರಿಗೆ ರೈಫಲ್ ಕಲಿಸಿದವರು. ನಿವೃತ್ತರಾದ ಮೇಲೆ ಸರಕಾರದ ಪರವಾನಗಿ ಪಡೆದು ಇಲ್ಲಿ ಕಲಿಸಲು ಕೂತಿದ್ದರು.

ಅವರ ಕಣ್ಣಿಗೆ ಪೊರೆ ಬಂದಿತ್ತು. ಗುರಿಯ ನಡುವಿನ ಕಪ್ಪು ಮಬ್ಬಾಗಿ ಕಾಣುತ್ತಿತ್ತು, ಗುಂಡು ಬಿದ್ದ ತೂತು ಕಾಣುತ್ತಿರಲಿಲ್ಲ. ಕಾಗದವನ್ನು ತರಿಸಿಕೊಂಡು ಬೆರಳಾಡಿಸಿ ನೋಡುತ್ತಿದ್ದರು. ಡಾಕ್ಟರ ಹತ್ತಿರ ಹೋಗಿ ಎಂದರೆ ಹೊಳೆಯ ಕಡೆ ಮುಖ ತಿರುಗಿಸಿ ಕೂತುಬಿಡುತ್ತಿದ್ದರು.

ಅಂಗಡಿಯ ತೋಟಾ ಅವರಲ್ಲಿ ನಡೆಯುತ್ತಿರಲಿಲ್ಲ. ಶಿಷ್ಯರು ತಮ್ಮ ತೋಟಾ ತಾವೇ ಕಟ್ಟಬೇಕು. ಹಿತ್ತಾಳೆಯ ಕೊಳವೆ, ಅದರ ತಳಕ್ಕೆ ಕೇಪು, ಒಳಗೆ ಮದ್ದು, ಬಾಯಿಗೆ ಗುಂಡು.

ಕೇಪು ಅಂದರೆ ತೊಗರಿ ಕಾಳಿನಷ್ಟು ದೊಡ್ಡ ಲೋಹದ ಬಟ್ಟಲು. ಪಟ್ಟಣದ ಶೂಟರುಗಳು ಅದನ್ನು ಪ್ರೈಮರ್ ಎನ್ನುತ್ತಾರೆ. ಟ್ರಿಗರ್ ಎಳೆದಾಗ ಮೊಳೆ ಅದಕ್ಕೆ ಬಡಿಯುತ್ತದೆ, ಅದು ಕಿಡಿ ಕಾರುತ್ತದೆ, ಆ ಕಿಡಿಯಿಂದ ಮದ್ದು ಹೊತ್ತಿಕೊಳ್ಳುತ್ತದೆ. ಕಿಡಿ ಒಂದೊಂದು ಸಲ ಒಂದೊಂದು ಥರ ಆದರೆ ಗುಂಡಿನ ವೇಗವೂ ಹೆಚ್ಚು ಕಡಿಮೆಯಾಗುತ್ತದೆ. ಹತ್ತಿರದ ಗುರಿಯಲ್ಲಿ ಇದು ಗೊತ್ತಾಗುವುದಿಲ್ಲ. ದೂರದ ಗುರಿಯಲ್ಲಿ ಒಂದು ಗುಂಡು ಮೇಲೆ ಬೀಳುತ್ತದೆ, ಇನ್ನೊಂದು ಕೆಳಗೆ.

ರಾಚಪ್ಪನವರು ಜೀವನವಿಡೀ ಹಸಿರು ಡಬ್ಬಿಯ ಕೇಪನ್ನೇ ಬಳಸಿದವರು. ಶಿಷ್ಯರ ಪಾಲಿಗೆ ಆ ಡಬ್ಬಿ ದೇವರ ಪ್ರಸಾದವಾಗಿತ್ತು. ಬೇರೆ ಬಣ್ಣದ ಡಬ್ಬಿ ಹಿಡಿದವನನ್ನು ಅವರೆಲ್ಲ ಮಠ ಬಿಟ್ಟು ಓಡಿದ ಮರಿಸ್ವಾಮಿಯನ್ನು ನೋಡಿದಂತೆ ನೋಡುತ್ತಿದ್ದರು.

ಆ ಶಿಷ್ಯರಲ್ಲಿ ದಾನವ್ವ ಎಲ್ಲರಿಗಿಂತ ಹಠದವಳು. ಅರಣ್ಯ ಇಲಾಖೆಯಲ್ಲಿ ಗಾರ್ಡ್ ಕೆಲಸ. ರಾಜ್ಯ ತಂಡದ ಆಯ್ಕೆಗೆ ಎರಡು ಸಲ ಹೋಗಿ, ಎರಡೂ ಸಲ ಕೂದಲೆಳೆಯಲ್ಲಿ ಸೋತು ಬಂದಿದ್ದಳು. ಈಗ ಮೂರನೆಯ ಸಲ. ರಜೆಗೆ ಸಹಿ ಹಾಕುವಾಗ ಅವಳ ಸಾಹೇಬರು ಇದೇ ಕೊನೆ, ಇನ್ನು ಕೇಳಿಕೊಂಡು ಬರಬೇಡ ಎಂದು ಮುಖಕ್ಕೆ ಹೊಡೆದಂತೆ ಹೇಳಿದ್ದರು. ಆ ತಂಡಕ್ಕೆ ಸೇರುವುದನ್ನು ಬಿಟ್ಟರೆ ಬೇರೆ ಯಾವ ಆಸೆಯನ್ನೂ ಅವಳು ಯಾರ ಮುಂದೆಯೂ ಹೇಳಿದವಳಲ್ಲ.

ಆ ವರ್ಷ ಹಳೆಯ ಮದ್ದು ಬರುವುದು ನಿಂತಿತು. ಹೊಸದು ಬಂತು. ಅದರ ಕಾಳು ದಪ್ಪ, ಹೊತ್ತಿಕೊಳ್ಳಲು ಸ್ವಲ್ಪ ಮೊಂಡು.

ಗುರುಗಳು ದಾನವ್ವನ ಮುಂದೆ ಮೂರು ಡಬ್ಬಿ ಇಟ್ಟರು. ಒಂದು ಹಸಿರು, ಒಂದು ಹಳದಿ, ಒಂದು ಬಿಳಿ.

"ಮದ್ದು ಬದಲಾಗೈತಿ. ಇದರ ಕೂಡ ಯಾವ ಕೇಪು ಹೊಂದತೈತಿ, ಹೊಡದು ನೋಡಿ ಹೇಳು."

"ಹಸಿರು ಇರಾಗ ಮತ್ತೊಂದನ್ನ ಯಾಕ ನೋಡೂದ್ರಿ ಗುರುಗಳ?"

"ಹಸಿರು ಛಲೋ ಅಂತ ನಿನಗ ಯಾರು ಹೇಳಿದ್ರು?"

"ನೀವರಿ."

"ಈ ಮದ್ದು ನೋಡಿ ಹೇಳಿದ್ನೇನು?"

ದಾನವ್ವ ಮೂರೂ ಡಬ್ಬಿ ಎತ್ತಿಕೊಂಡಳು. ಆದರೆ ಪರೀಕ್ಷೆ ಶುರುವಾಗುವ ಮೊದಲೇ ಅವಳ ಮನಸ್ಸಿನಲ್ಲಿ ಫಲಿತಾಂಶ ಬಂದಾಗಿತ್ತು.

ಬಿಳಿ ಡಬ್ಬಿ ಮೊದಲ ದಿನವೇ ಹೊರಬಿತ್ತು. ಅದರ ಕೇಪುಗಳು ಕೊಳವೆಯ ತಳದಲ್ಲಿ ಸಡಿಲವಾಗಿ ಕೂರುತ್ತಿದ್ದವು. ಒಂದಂತೂ ಟಕ್ ಎಂದಿತು, ಸಿಡಿಯಲಿಲ್ಲ. ದಾನವ್ವ ಕಲಿತಂತೆ ನಳಿಗೆಯನ್ನು ದಿಬ್ಬದ ಕಡೆಗೇ ಹಿಡಿದು, ಬಹಳ ಹೊತ್ತು ಕಾದು, ಆಮೇಲೆ ತೋಟಾ ಹೊರಗೆ ತೆಗೆದಳು.

"ಇದು ಬ್ಯಾಡ್ರಿ ಗುರುಗಳ."

"ಬ್ಯಾಡ. ಇದನ್ನ ಬಿಡೂದು ಸುಲಭಿತ್ತು."

ಉಳಿದದ್ದು ಹಸಿರು ಮತ್ತು ಹಳದಿ.

ಹಸಿರಿನ ಸರದಿ ಬಂದಾಗ ದಾನವ್ವ ನಳಿಗೆಯನ್ನು ಮೃದುವಾದ ಬಟ್ಟೆಯಿಂದ ಒರೆಸಿದಳು. ಗುಂಡುಗಳನ್ನು ತಕ್ಕಡಿಯಲ್ಲಿ ಒಂದೊಂದಾಗಿ ತೂಗಿ, ಸರಿಸಮ ಇದ್ದವನ್ನೇ ಆರಿಸಿದಳು. ಹಳದಿಗೆ ಕೈಗೆ ಸಿಕ್ಕ ಗುಂಡು ಹಾಕಿದಳು, ನಳಿಗೆ ಒರೆಸುವುದು ನೆನಪಾಗಲಿಲ್ಲ. ಬೇಕೆಂದು ಮಾಡಿದ್ದಲ್ಲ ಪಾಪ. ಬೀಗರು ಊಟಕ್ಕೆ ಕೂತಾಗ ದೊಡ್ಡ ತಟ್ಟೆ ತಾನಾಗಿ ಅವರ ಮುಂದೆ ಹೋಗುತ್ತದಲ್ಲ, ಹಾಗೆ ಆಯಿತು.

"ಹಸಿರ ಛಲೋ ಬಂದೈತ್ರಿ," ಎಂದಳು.

ಏನೇನು ಮಾಡಿದೆ ಎಂದು ಗುರುಗಳು ಕೇಳಿದರು. ಅವಳು ಎಲ್ಲ ಹೇಳಿದಳು. ಅವರು ಎದ್ದು ಹೋಗಿ ಒಲೆ ಹೊತ್ತಿಸಿದರು. ಬೇರೆ ಬೇರೆ ಪಾತ್ರೆಯಲ್ಲಿ ಎರಡು ಚಹಾ ಮಾಡಿ ಅವಳ ಮುಂದೆ ಇಟ್ಟರು.

"ಯಾವುದು ಛಲೋ ಐತಿ?"

ದಾನವ್ವ ಎರಡನ್ನೂ ಕುಡಿದು ನೋಡಿದಳು.

"ಇದರಿ. ಎರಡನೇದು."

"ಎರಡನೇದಕ್ಕ ಚಹಾಪುಡಿ ಬ್ಯಾರೆ ಹಾಕೇನಿ. ಬೆಲ್ಲ ಬ್ಯಾರೆ. ಹಾಲೂ ಬ್ಯಾರೆ. ಯಾವುದರಿಂದ ಛಲೋ ಆತು?"

ಅವಳು ಎರಡೂ ಲೋಟದೊಳಗೆ ನೋಡಿದಳು.

"ಗೊತ್ತಾಗೂದಿಲ್ರಿ."

"ಹಂಗಾದ್ರ ಹೊಗಳಬ್ಯಾಡ. ಸುಮ್ನ ಕುಡಿ."

ಮರುದಿನದಿಂದ ಒಂದೇ ಮದ್ದು, ಒಂದೇ ತೂಕ, ಒಂದೇ ಗುಂಡು, ಒಂದೇ ನಳಿಗೆ. ಬದಲಾಗುತ್ತಿದ್ದದ್ದು ಕೇಪು ಮಾತ್ರ.

ಅಂದು ದಾನವ್ವ ದಿಬ್ಬದಿಂದ ಕಾಗದ ಹಿಡಿದು ಓಡುತ್ತ ಬಂದಳು.

"ನೋಡ್ರಿ ಗುರುಗಳ! ಹಸಿರು! ಮೂರೂ ಗುಂಡು ಒಂದ ಲಿಂಬಿಹಣ್ಣಿನಷ್ಟ ಜಾಗದಾಗ ಬಿದ್ದಾವ!"

ಗುರುಗಳು ಕಾಗದ ಮುಟ್ಟಲೂ ಇಲ್ಲ.

"ಮೂರು ಗುಂಡು ನೀ ಹೇಳಿದಂಗ ಕೇಳತಾವ. ಇನ್ನಷ್ಟು ಹೊಡಿ. ಆಗ ತಮ್ಮ ಮಾತು ತಾವ ಆಡತಾವ."

ದಾನವ್ವ ಇನ್ನಷ್ಟು ಹೊಡೆದಳು. ಅವು ತಮ್ಮ ಮಾತು ಆಡಿದವು.

ಹಳದಿ ಕೇಪಿನ ಗುಂಡುಗಳು ನಡುವಿನ ಕಪ್ಪಿನಲ್ಲಿ ಒಂದಕ್ಕೊಂದು ಒತ್ತಿಕೊಂಡು ಕೂತವು. ಹಸಿರು ಕೇಪಿನವು ಒಂದು ಮೇಲೆ, ಒಂದು ಕೆಳಗೆ, ಎರಡು ನಡುವೆ, ಮತ್ತೆ ಒಂದು ಮೇಲೆ. ನೆಟ್ಟಗೆ ನಿಲ್ಲಿಸಿದ ಏಣಿಯಂತೆ ಕಾಣುತ್ತಿದ್ದವು.

ದಿಬ್ಬದ ಮುಂದೆ ನಿಂತ ದಾನವ್ವ ಎರಡೂ ಕಾಗದವನ್ನು ಮತ್ತೊಮ್ಮೆ ನೋಡಿದಳು. ಅವಳಿಗೆ ರಾಚಪ್ಪನವರ ಮೇಲೆ ಹೆತ್ತ ತಂದೆಯ ಮೇಲೆ ಇರುವಷ್ಟೇ ಪ್ರೀತಿ ಇತ್ತು. ಬಂದೂಕು ಹಿಡಿಯುವ ಹೆಣ್ಣು ಎಂದು ಊರು ನಕ್ಕಾಗ ಅವಳ ಪರವಾಗಿ ನಿಂತವರು ಅವರೊಬ್ಬರೇ. ಕಣ್ಣು ಮಬ್ಬಾಗಿ, ಕೈಗೆ ವಯಸ್ಸಾಗಿ ಕೂತವರ ಮುಂದೆ ಹೋಗಿ, ನೀವು ಇಷ್ಟು ವರ್ಷ ನಂಬಿದ್ದು ಈಗ ನಡೆಯುವುದಿಲ್ಲ ಎಂದು ಹೇಳುವುದು ಹೇಗೆ?

ಗುರಿಯ ಕಾಗದದ ತೂತಿಗೆ ಚೀಟಿ ಅಂಟಿಸುವುದು ಆ ಬಯಲಿನಲ್ಲಿ ದಿನದ ಕೆಲಸ. ಒಂದೇ ಕಾಗದ ಹಲವು ಸಲ ಬಳಕೆಗೆ ಬರಲಿ ಎಂದು ದಿಬ್ಬದ ಬುಡದಲ್ಲಿ ಮೈದಾ ಅಂಟಿನ ಡಬ್ಬಿ, ಹರಿದ ಚೀಟಿಗಳು ಯಾವಾಗಲೂ ಇರುತ್ತಿದ್ದವು. ದಾನವ್ವ ಬಗ್ಗಿ ಚೀಟಿ ಎತ್ತಿಕೊಂಡಳು. ಏಣಿಯ ಮೇಲಿನ ಮೆಟ್ಟಿಲಿಗೊಂದು, ಕೆಳಗಿನ ಮೆಟ್ಟಿಲಿಗೊಂದು ಅಂಟಿಸಿದಳು. ನಡುವಿನವನ್ನು ಹಾಗೇ ಬಿಟ್ಟಳು.

ಕಾಗದವನ್ನು ತಂದು ಗುರುಗಳ ಕೈಗಿಟ್ಟಳು.

"ಹಸಿರ ಛಲೋ ಐತ್ರಿ."

ರಾಚಪ್ಪನವರ ಬೆರಳು ಕಾಗದದ ಮೇಲೆ ನಿಧಾನವಾಗಿ ಓಡಿತು. ಒಂದು ಕಡೆ ನಿಂತಿತು.

"ಇಲ್ಲಿ ಚೀಟಿ ಹಚ್ಚೀದಿ."

"ಅದು ನನ್ನ ಕೈ ತಪ್ಪಿದ್ದರಿ. ಕೇಪಿನ ತಪ್ಪಲ್ಲ. ಲೆಕ್ಕಕ್ಕ ಬ್ಯಾಡ ಅಂತ ಮುಚ್ಚೇನಿ."

"ಇಲ್ಲೂ ಹಚ್ಚೀದಿ."

"ಅದೂ ನನ್ನ ಕೈ ರಿ."

"ಹಳದಿ ಕೇಪಿನ ಕಾಗದದಾಗ ಎಷ್ಟು ಚೀಟಿ ಹಚ್ಚೀದಿ?"

"ಹಚ್ಚಿಲ್ರಿ."

"ಅಂದ್ರ ಹಳದಿ ಹೊಡಿಯಾಗ ನಿನ್ನ ಕೈ ತಪ್ಪಲೇ ಇಲ್ಲ. ಹಸಿರಿಗೆ ಬಂದ ಕೂಡಲೇ ತಪ್ಪಾಕ ಹತ್ತಿತು."

ಹೊಳೆಯಲ್ಲಿ ಯಾರೋ ಎಮ್ಮೆ ತೊಳೆಯುತ್ತಿದ್ದ ಸದ್ದು ಕೇಳುತ್ತಿತ್ತು.

"ನಿನ್ನ ಕೈ ತಪ್ಪಿದ್ರ ಗುಂಡು ಎತ್ತಾಗ ಹೋಗತೈತಿ?"

"ಬಲಕ್ಕ್ರಿ. ಟ್ರಿಗರ್ ಜಗ್ಗಿಬಿಡತೀನಿ."

"ಹೂಂ."

ಗುರುಗಳ ಬೆರಳು ಮೇಲಿನ ಚೀಟಿಯಿಂದ ಕೆಳಗಿನ ಚೀಟಿಗೆ ನೆಟ್ಟಗೆ ಇಳಿಯಿತು. ಬಲಕ್ಕೆ ಸರಿಯಲಿಲ್ಲ. ಆಮೇಲೆ ಕಾಗದ ಮಡಚಿ ಅವಳಿಗೇ ವಾಪಸ್ ಕೊಟ್ಟರು.

"ನೀ ಹಸಿರು ಅಂದ್ರ ಹಸಿರು. ಆಯ್ಕೆಗೆ ಬೇಕಾದಷ್ಟು ತೋಟಾ ಕಟ್ಟು."

ದಾನವ್ವ ತೋಟಾ ಕಟ್ಟಲು ಕೂತಳು. ಕೈ ತೊಳೆದು, ಒರೆಸಿ, ಒಣಗಿಸಿಕೊಂಡಳು, ಬೆರಳಿನ ಜಿಡ್ಡು ಕೇಪಿಗೆ ತಾಗಬಾರದು. ಒಂದೊಂದು ಕೇಪನ್ನೂ ಒಂದೇ ಒತ್ತಡದಲ್ಲಿ ಕೂರಿಸಿದಳು, ಕೂತಿತೇ ಎಂದು ಹೆಬ್ಬೆರಳಿನಿಂದ ಸವರಿ ನೋಡಿದಳು. ಗುರುಗಳ ಕೇಪಿನಿಂದಲೇ ಗೆದ್ದು ಬರುತ್ತೇನೆ ಎಂದು ಹಲ್ಲು ಕಚ್ಚಿದಳು. ಹಠ ಒಳ್ಳೆಯದೇ. ಆದರೆ ಅದು ಕೇಪಿಗೆ ಕೇಳಿಸುವುದಿಲ್ಲ.

ಹೊರಡಲು ಕೆಲವೇ ದಿನ ಇದ್ದಾಗ ರಾಚಪ್ಪನವರು ಚಪ್ಪರದ ಕೆಳಗೆ ಚಾಪೆ ಹಾಸಲು ಹೇಳಿದರು.

"ನೀ ಕಟ್ಟಿದ ತೋಟಾ ಒಂದ ಕೊಡು. ನಾ ಹೊಡೀತೀನಿ."

ದಾನವ್ವ ಬೆರಗಾದಳು. ಪೊರೆ ಬಂದ ಮೇಲೆ ಅವರು ಬಂದೂಕು ಎತ್ತಿದ್ದೇ ಇರಲಿಲ್ಲ.

"ಕಾಣತೈತೇನ್ರಿ?"

"ಕರೀದು ಕಾಣತೈತಿ. ಕರೀದರ ನಡುವ ಎಲ್ಲಿ ಅಂತ ನನಗ ಗೊತ್ತೈತಿ."

ಅವರು ಚಾಪೆಯ ಮೇಲೆ ಬೋರಲಾದರು. ಬಂದೂಕು ತನ್ನ ಹಳೆಯ ಜಾಗಕ್ಕೆ ಬಂದಂತೆ ಹೆಗಲಿಗೆ ಕೂತಿತು. ಮುದುಕರು ಒಂದು ಉಸಿರು ಬಿಟ್ಟರು, ಅರ್ಧಕ್ಕೆ ನಿಲ್ಲಿಸಿದರು. ಗುಂಡು ಹಾರಿದ ಮೇಲೂ ಸ್ವಲ್ಪ ಹೊತ್ತು ಅಲುಗಾಡಲಿಲ್ಲ.

"ನಡುವ," ಎಂದರು. "ಒಂದ ಕೂದಲಷ್ಟ ಎಡಕ್ಕಿರಬೇಕು. ಹೋಗಿ ಕಾಗದ ತಗೊಂಡು ಬಾ."

ದಾನವ್ವ ದಿಬ್ಬದವರೆಗೆ ನಡೆದಳು.

ತೂತು ನಡುವೆ ಇರಲಿಲ್ಲ. ಒಂದು ಕೂದಲಷ್ಟು ಎಡಕ್ಕೆ ಇತ್ತು ನಿಜ. ಆದರೆ ಕಪ್ಪಿನ ಮೇಲಂಚಿಗೆ ಹೋಗಿ ಕೂತಿತ್ತು.

ಮುದುಕರ ಕೈ ತಪ್ಪಿರಲಿಲ್ಲ. ಅವರು ಹೇಳಿದ ಕಡೆಗೇ ಬಿಟ್ಟಿದ್ದರು. ಗುಂಡೇ ಬೇರೆ ಕಡೆ ಹೋಗಿತ್ತು. ಇದನ್ನು ಹೋಗಿ ಹೇಳಿದರೆ ತಮ್ಮ ಕೈ ಮುಗಿಯಿತು ಎಂದುಕೊಳ್ಳುತ್ತಾರೆ, ಇಲ್ಲವೇ ತಮ್ಮ ಕೇಪು ಮುಗಿಯಿತು ಎಂದುಕೊಳ್ಳುತ್ತಾರೆ. ಎರಡೂ ಅವಳಿಗೆ ಬೇಡವಾಗಿತ್ತು.

ಅವಳು ಮೇಲಿನ ತೂತಿಗೆ ಚೀಟಿ ಅಂಟಿಸಿದಳು. ಜೇಬಿನಲ್ಲಿ ಒಂದು ಬಿಡಿ ಗುಂಡು ಇತ್ತು. ಅದರ ಮೊನೆಯನ್ನು ಕಾಗದದ ಸರಿಯಾದ ನಡುವಿಗೆ ಇಟ್ಟು ಒತ್ತಿದಳು. ಪಟ್ ಎಂದು ತೂತಾಯಿತು.

"ನಡುವ ಬಿದ್ದೈತ್ರಿ ಗುರುಗಳ!" ಎಂದು ಅಲ್ಲಿಂದಲೇ ಕೂಗಿದಳು. ದನಿ ಬೇಕಾದ್ದಕ್ಕಿಂತ ಜೋರಾಯಿತು.

ಕಾಗದ ಗುರುಗಳ ಮಡಿಲಿಗೆ ಬಂತು. ತೋರುಬೆರಳು ನಡುವಿನ ತೂತನ್ನು ಹುಡುಕಿತು. ಅಂಚಿನ ಸುತ್ತ ಒಮ್ಮೆ ತಿರುಗಿತು. ಅವರ ಮುಖ ಒಂದು ಗಳಿಗೆ ಹುಡುಗನ ಮುಖದಂತೆ ಅರಳಿತು.

ಆಮೇಲೆ ಬೆರಳನ್ನು ಬಿಳಿ ಪಂಚೆಗೆ ಒತ್ತಿ ಒರೆಸಿದರು. ಪಂಚೆಯನ್ನು ಕಣ್ಣಿನ ಹತ್ತಿರ, ಮೂಗಿಗೆ ತಾಗುವಷ್ಟು ಹತ್ತಿರ ತಂದರು.

"ದಾನವ್ವಾ, ಗುಂಡು ಕಾಗದ ಹಾಯ್ದು ಹೋಗಾಗ ಏನ ಬಿಟ್ಟು ಹೋಗತೈತಿ?"

ದಾನವ್ವ ಕಾಗದದಿಂದ ಕಣ್ಣು ತೆಗೆದಳು.

"ಮಸಿ ರಿ."

"ನನ್ನ ಬೆರಳಿಗೆ ಮಸಿ ಹತ್ತಲಿಲ್ಲ."

ಬೆರಳು ಮತ್ತೆ ಕಾಗದದ ಮೇಲೆ ಹೊರಟಿತು. ಮೇಲೆ ಹೋಯಿತು. ಇನ್ನೂ ಒದ್ದೆಯಾಗಿದ್ದ ಚೀಟಿಯ ಮೇಲೆ ನಿಂತಿತು. ಅದನ್ನು ಉಗುರಿನಿಂದ ಬಿಡಿಸಿ ತೂತನ್ನು ಮುಟ್ಟಿತು. ಈ ಸಲ ಪಂಚೆಯ ಮೇಲೆ ಬೂದು ಗೆರೆ ಬಂತು.

ದಾನವ್ವ ಅಲ್ಲೇ ಚಾಪೆಯ ಮೇಲೆ ಕೂತಳು.

"ಯಾರನ್ನ ಉಳಿಸಾಕ ಹೊಂಟಿದ್ದಿ?"

"ನಿಮ್ಮನ್ನ್ರಿ."

"ನಾ ಮುಳಗಿದ್ನೇನು?"

ಅವಳು ಸೆರಗಿಲ್ಲದ ಸಮವಸ್ತ್ರದ ತೋಳಿನಿಂದಲೇ ಕಣ್ಣು ಒರೆಸಿಕೊಂಡಳು.

"ನಿಮ್ಮ ಕೇಪು ಸೋತೈತಿ ಅಂತ ನಾ ಹೆಂಗ ಹೇಳಲ್ರಿ? ನಾ ಬಂದೂಕು ಹಿಡದದ್ದ ನಿಮ್ಮಿಂದ."

"ನಿನ್ನ ಆಯ್ಕೆ?"

"ಹೋದ್ರ ಹೋಗಲಿ ಅಂದಕೊಂಡಿದ್ದೆ ರಿ."

ಗುರುಗಳಿಗೆ ಸಿಟ್ಟು ಬಂತು. ಅಷ್ಟು ವರ್ಷದಲ್ಲಿ ಶಿಷ್ಯರು ಅವರ ಸಿಟ್ಟು ನೋಡಿದ್ದು ಕಡಿಮೆ.

"ಹೋಗಲಿ ಅನ್ನಾಕ ಅದು ನಿಂದ ಅಷ್ಟ ಅಲ್ಲ. ನಾ ಈ ಬಿಸಲಾಗ ಕುಂತು ಕಲಿಸಿದ್ದು ನನ್ನ ಡಬ್ಬಿಗೆ ಊದಿನಕಡ್ಡಿ ಹಚ್ಚಲಿ ಅಂತಲ್ಲ. ಪರೀಕ್ಷೆ ಮಾಡು ಅಂದ್ರ ಪೂಜಿ ಮಾಡಿ ಬಂದಿ."

ದಾನವ್ವ ಕಿತ್ತು ಬಿದ್ದ ಚೀಟಿಯನ್ನು ನೆಲದಿಂದ ಎತ್ತಿಕೊಂಡಳು.

ಗುರುಗಳ ದನಿ ಇಳಿಯಿತು.

"ಮಸಿ ಇಲ್ಲ ಅಂತ ಗೊತ್ತಾಗೂ ಮೊದಲ, ಆ ನಡುವಿನ ತೂತು ನನ್ನದ ಅಂದಕೊಂಡೆ. ಭಾಳ ಖುಷಿ ಆತವ್ವ. ಅದಕ್ಕ ಹೇಳತೀನಿ, ನೀ ಮಾಡಿದ್ದು ಸಣ್ಣ ತಪ್ಪಲ್ಲ. ಇನ್ನೊಂದ ಗಳಿಗಿ ಬಿಟ್ಟಿದ್ರ ನಾನೂ ಬೆರಳು ಒರಸ್ತಿರಲಿಲ್ಲ."

"ಹಸಿರು ಕೆಟ್ಟೈತೇನ್ರಿ ಗುರುಗಳ?"

"ಕೆಟ್ಟಿಲ್ಲ. ಹಳೇ ಮದ್ದಿಗೆ ಅದರ ಕಿಡಿ ಸಾಕಾಗತಿತ್ತು. ಈ ಮದ್ದಿಗೆ ಸಾಲೂದಿಲ್ಲ. ಅದನ್ನ ಅದು ಮ್ಯಾಲ ಕೆಳಗ ಬಿದ್ದು ಬಿದ್ದು ಹೇಳಾಕತ್ತಿತ್ತು. ನೀ ಚೀಟಿ ಹಚ್ಚಿ ಅದರ ಬಾಯಿ ಮುಚ್ಚಿದಿ."

ದಾನವ್ವ ಎದ್ದಳು. ಮುಖ ತೊಳೆದುಕೊಂಡು ಬಂದು, ಕಟ್ಟಿದ ತೋಟಾಗಳನ್ನೆಲ್ಲ ಒಂದೊಂದಾಗಿ ಬಿಚ್ಚತೊಡಗಿದಳು. ಅಷ್ಟು ದಿನದ ಕೆಲಸ ಮಣ್ಣುಪಾಲಾಯಿತು ಎಂದು ಒಂದು ಮಾತೂ ಆಡಲಿಲ್ಲ.

ಹೊಸ ಪರೀಕ್ಷೆಗೆ ಗುರುಗಳು ಒಂದು ಕರಾರು ಹಾಕಿದರು. ತೋಟಾ ಕಟ್ಟಿ ಎರಡು ಚೀಲದಲ್ಲಿ ಬೇರೆ ಬೇರೆ ಇಡುವವಳು ಅವಳು, ಆದರೆ ಯಾವುದನ್ನು ಯಾವಾಗ ಕೊಡಬೇಕು ಎನ್ನುವುದು ಅವರ ಕೈಯಲ್ಲಿ. ಹಸಿರೋ ಹಳದಿಯೋ ಎಂದು ಅವಳಿಗೆ ಹೇಳುವುದಿಲ್ಲ, ಅವಳು ತಿರುಗಿಸಿ ತಳ ನೋಡುವಂತೆಯೂ ಇಲ್ಲ.

"ಇನ್ನೊಂದು. ಗುಂಡು ಹೊಡದ ಮ್ಯಾಲ ದುರ್ಬೀನಿಗೆ ಕಣ್ಣು ಇಡೂ ಮೊದಲ, ಅದು ಎಲ್ಲಿ ಬಿತ್ತು ಹೇಳಬೇಕು."

"ನೋಡದ ಹೆಂಗ ಹೇಳೂದ್ರಿ?"

"ಟ್ರಿಗರ್ ಎಳಿಯಾಗ ನೀ ಎಲ್ಲಿದ್ದಿ ಅಂತ ನಿನಗ ಗೊತ್ತಿರೂದಿಲ್ಲೇನು?"

ಮೊದಮೊದಲು ಅವಳ ಬಾಯಲ್ಲಿ ಬಂದದ್ದೆಲ್ಲ ತಪ್ಪು. ನಡುವೆ ಎಂದರೆ ಬಲಕ್ಕೆ ಬಿದ್ದಿರುತ್ತಿತ್ತು, ಬಲಕ್ಕೆ ಎಂದರೆ ನಡುವೆ. ಬೆಳಗಿನಿಂದ ಸಂಜೆವರೆಗೆ ಬಿಡಲಿಲ್ಲ. ಹೆಗಲು ಕಂದಿತು, ಮೊಣಕೈ ಸುಲಿಯಿತು. ನಿಧಾನವಾಗಿ ಹೇಳಿದ ಕಡೆಗೂ ಬಿದ್ದ ಕಡೆಗೂ ಇದ್ದ ದೂರ ಕಡಿಮೆಯಾಗುತ್ತ ಬಂತು.

ಕೊನೆಗೆ ಎಲ್ಲ ಕಾಗದ ಹರಡಿ, ಯಾವುದು ಯಾವ ಕೇಪಿನದು ಎಂದು ಗುರುಗಳು ಹೇಳಿದಾಗ ಸಂಶಯಕ್ಕೆ ಜಾಗವೇ ಇರಲಿಲ್ಲ.

"ಹಳದಿ ರಿ," ಎಂದಳು ದಾನವ್ವ. ಹೇಳುವಾಗ ಗುರುಗಳ ಮುಖವನ್ನೇ ನೋಡಿದಳು.

"ಹಳದಿ," ಎಂದರು ರಾಚಪ್ಪನವರು. "ಕಟ್ಟು."

ಆಯ್ಕೆ ನಡೆದದ್ದು ದೂರದ ಊರಿನಲ್ಲಿ. ಸಾಲಾಗಿ ಮಲಗಿದ ಶೂಟರುಗಳು, ಸಾಲಾಗಿ ನಿಂತ ಗುರಿಗಳು. ದಾನವ್ವನ ಹಳದಿ ಕೇಪು ಒಮ್ಮೆಯೂ ಕೈ ಕೊಡಲಿಲ್ಲ. ಗುಂಡುಗಳು ಮೇಲೂ ಹೋಗಲಿಲ್ಲ, ಕೆಳಗೂ ಹೋಗಲಿಲ್ಲ.

ಕೊನೆಯ ಗುಂಡಿಗೆ ಅವಳ ಬೆರಳು ಅವಸರ ಮಾಡಿತು.

ಬಲಕ್ಕೆ ಹೋಯಿತು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಆಮೇಲೆ ದುರ್ಬೀನಿಗೆ ಕಣ್ಣು ಇಟ್ಟಳು.

ಗುರಿಯ ಮೇಲೆ ಒಂದಲ್ಲ, ಎರಡು ಹೊಸ ತೂತು ಇದ್ದವು. ಒಂದು ಬಲಕ್ಕೆ, ಒಂದು ಸರಿಯಾಗಿ ನಡುವೆ. ಪಕ್ಕದಲ್ಲಿ ಮಲಗಿದ್ದ ಹುಡುಗಿ ಗಡಿಬಿಡಿಯಲ್ಲಿ ತನ್ನ ಗುರಿ ಬಿಟ್ಟು ದಾನವ್ವನ ಗುರಿಗೆ ಹೊಡೆದುಬಿಟ್ಟಿದ್ದಳು. ಯಾವುದು ತನ್ನದು ಎಂದು ಆ ಹುಡುಗಿಗೇ ಗೊತ್ತಿರಲಿಲ್ಲ.

ತೀರ್ಪುಗಾರರು ಬಂದು ದಾನವ್ವನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. ಒಳ್ಳೆಯ ಮನುಷ್ಯ.

"ನೋಡಮ್ಮ, ಎರಡರಲ್ಲಿ ಒಂದು ನಿಮ್ಮದು. ಯಾವುದು ಅಂತ ಹೇಳಕ್ಕಾಗುತ್ತಾ? ಗೊತ್ತಿಲ್ಲ ಅಂದ್ರೆ ತೊಂದರೆ ಇಲ್ಲ, ನಿಯಮದ ಪ್ರಕಾರ ಜಾಸ್ತಿ ಅಂಕದ್ದನ್ನೇ ನಿಮಗೆ ಕೊಡ್ತೀವಿ."

ಗೊತ್ತಿಲ್ಲ ಎಂದರೆ ಸಾಕಿತ್ತು. ಅದಕ್ಕೆ ಸುಳ್ಳು ಎನ್ನುವವರು ಆ ಮೈದಾನದಲ್ಲಿ ಯಾರೂ ಇರಲಿಲ್ಲ. ನಡುವಿನ ತೂತು ಅವಳದಾದರೆ ತಂಡದಲ್ಲಿ ಅವಳ ಹೆಸರು ಖಂಡಿತ. ಬಲಗಡೆಯದು ಅವಳದಾದರೆ ಅನುಮಾನ.

ದಾನವ್ವ ಬಂದೂಕನ್ನು ಕೆಳಗಿಟ್ಟಳು.

"ಬಲಗಡೆದು ನಂದ್ರಿ."

"ಖಾತ್ರಿನಾ?"

"ಖಾತ್ರಿ ರಿ. ನೋಡೂಕಿಂತ ಮೊದಲ ಗೊತ್ತಿತ್ತು."

ಸಂಜೆ ಹೆಸರು ಓದಿದರು. ದಾನವ್ವನ ಹೆಸರು ಬರಲಿಲ್ಲ. ಒಂದೇ ಅಂಕ ಕಡಿಮೆ ಬಿದ್ದಿತ್ತು.

ಊರಿಗೆ ಬಂದವಳು ಮನೆಗೆ ಹೋಗದೆ ನೆಟ್ಟಗೆ ಹೊಳೆ ದಂಡೆಗೆ ನಡೆದಳು. ರಾಚಪ್ಪನವರು ಚಪ್ಪರದ ಕೆಳಗೆ ಕೂತಿದ್ದರು. ಹೆಜ್ಜೆ ಸದ್ದಿನಲ್ಲೇ ಅವರಿಗೆ ಅರ್ಧ ತಿಳಿಯಿತು.

"ಆಗಲಿಲ್ಲ?"

"ಆಗಲಿಲ್ರಿ."

"ಕೇಪು?"

"ಕೇಪು ಛಲೋ ನಡೀತ್ರಿ. ಈ ಸಲ ಖರೇನ ನನ್ನ ಕೈ ತಪ್ಪಿತು."

ಅವಳು ಎಲ್ಲ ಹೇಳಿದಳು. ಎರಡು ತೂತು, ಪಕ್ಕದ ಹುಡುಗಿ, ತೀರ್ಪುಗಾರರು ಕೇಳಿದ್ದು, ತಾನು ಹೇಳಿದ್ದು. ಹೇಳುತ್ತ ಹೇಳುತ್ತ ಅತ್ತಳು. ಗುರುಗಳು ಅಳು ನಿಲ್ಲಿಸು ಎನ್ನಲಿಲ್ಲ. ನೀರಿನ ತಂಬಿಗೆಯನ್ನು ಅವಳ ಕಡೆ ಸರಿಸಿದರು.

ದಾನವ್ವ ನೀರು ಕುಡಿದು ಮೂಗು ಒರೆಸಿಕೊಂಡಳು.

"ಬರೂ ವರ್ಷದ ರಜಾಕ್ಕ ಬಸ್ಸಿನ್ಯಾಗ ಕುಂತ ಅರ್ಜಿ ಬರದೇನ್ರಿ. ಸಾಹೇಬ್ರು ಕೊಡೂದಿಲ್ಲ ಅಂದಾರ. ಹರದು ಒಗದ್ರ ಮತ್ತೊಂದು ಬರೀತೀನಿ. ಅದನ್ನೂ ಹರದ್ರ ಮತ್ತೊಂದು."

"ಬರಿ."

ಬಿಸಿಲು ದಿಬ್ಬದಿಂದ ಇಳಿದು ಹೊಳೆಯ ಆಚೆ ದಂಡೆಗೆ ಹೋಯಿತು. ದಾನವ್ವನ ಒಳಗೆ ಇನ್ನೂ ಒಂದು ಮುಳ್ಳು ಉಳಿದಿತ್ತು.

"ಗುರುಗಳ, ಒಂದ ಮಾತು ಕೇಳಲ್ರಿ?"

"ಕೇಳು."

"ಗೊತ್ತಿಲ್ಲ ಅಂತ ಒಂದ ಮಾತು ಅಂದಿದ್ರ ಆ ನಡುವಿನ ಗುಂಡು ನಂದ ಆಗತಿತ್ತು. ಇವತ್ತ ನಾ ಆಯ್ಕೆ ಆಗಿ ಬಂದಿರತಿದ್ದೆ. ಹೌದಲ್ರಿ?"

ರಾಚಪ್ಪನವರು ಅವಳ ದನಿ ಬಂದ ಕಡೆಗೆ ಮುಖ ತಿರುಗಿಸಿದರು.

"ಆಯ್ಕೆ ಆಗತಿದ್ದದ್ದು ಆ ಹುಡುಗೀದು ಗುಂಡು, ದಾನವ್ವಾ. ನೀ ಅದರ ಗಂಟು ಹೊತ್ಕೊಂಡು ಹಿಂದ ಹೋಗತಿದ್ದಿ."